ನಾವು ಬೇರೆಯಾಗುತ್ತಿದ್ದೇವೆ, ನಾಯಿ, ಬೆಕ್ಕು ಯಾರ ಬಳಿ ಇರಬೇಕು?

ಪ್ರಶ್ನೆ: ಒಂಬತ್ತು ವರ್ಷಗಳ ದಾಂಪತ್ಯದ ನಂತರ ನಾನು ಮತ್ತು ನನ್ನ ಪತಿ ಪರಸ್ಪರ ಒಪ್ಪಿಗೆಯಿಂದ ಬೇರೆಯಾಗುತ್ತಿದ್ದೇವೆ. ಹಣ, ಸಾಮಾನುಗಳ ವಿಷಯದಲ್ಲಿ ತಕರಾರಿಲ್ಲ. ತಕರಾರು ಇರುವುದು ನಾಯಿಯ ವಿಷಯದಲ್ಲಿ. ಗುಂಡನನ್ನು ಮದುವೆಗೆ ಮೊದಲೇ, ಎರಡು ತಿಂಗಳ ಮರಿಯಾಗಿದ್ದಾಗ ನಾನು ತಂದೆ. ಈಗ ಅವನಿಗೆ ಹತ್ತು ವರ್ಷ. ಲಸಿಕೆ ಪುಸ್ತಕ, ಮೈಕ್ರೋಚಿಪ್ ನೋಂದಣಿ ಎರಡೂ ನನ್ನ ಹೆಸರಿನಲ್ಲಿವೆ. ಆದರೆ ನಾಲ್ಕು ವರ್ಷಗಳಿಂದ ಪತಿ ಮನೆಯಿಂದಲೇ ಕೆಲಸ ಮಾಡುತ್ತಿರುವುದರಿಂದ ಎರಡು ಹೊತ್ತು ವಾಕಿಂಗ್ ಕರೆದೊಯ್ಯುವುದು, ಕೀಲು ನೋವಿನ ಮಾತ್ರೆ ಕೊಡುವುದು ಎಲ್ಲ ಅವರದೇ. ನಾನು ಉದ್ಯೋಗದ ನಿಮಿತ್ತ ತಿಂಗಳಿಗೆ ಎಂಟು ಹತ್ತು ದಿನ ಹೊರಗಿರುತ್ತೇನೆ. ಮುಂದೆ ನಾನು ಹೋಗುವ ಬಾಡಿಗೆ ಮನೆ ಮೂರನೇ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ. ಪತಿ ಈಗಿರುವ ನೆಲಮಹಡಿಯ ಮನೆಯಲ್ಲೇ ಉಳಿಯುತ್ತಾರೆ. ನಮ್ಮಲ್ಲಿ ಐದು ವರ್ಷದ ಗಂಡು ಬೆಕ್ಕೂ ಇದೆ. ಅದರ ಆರೈಕೆ ನನ್ನದು, ಊರಿನಲ್ಲಿಲ್ಲದಾಗ ಮಾತ್ರ ಪತಿ ನೋಡಿಕೊಳ್ಳುತ್ತಾರೆ. ಅದು ಮತ್ತು ಗುಂಡ ಒಂದೇ ಹಾಸಿಗೆಯಲ್ಲಿ ಮಲಗುತ್ತವೆ. ಗುಂಡನನ್ನು ವಾರಕ್ಕೊಬ್ಬರಂತೆ ಇಟ್ಟುಕೊಳ್ಳೋಣ ಎಂದು ನಾನು ಹೇಳಿದರೆ ಪತಿ ಒಪ್ಪುತ್ತಿಲ್ಲ. ಇಬ್ಬರೂ ಎರಡು ಕಡೆ ನಿಂತು ಕರೆಯಿರಿ, ಯಾರ ಕಡೆ ಓಡುತ್ತದೋ ಅವರದು ಎನ್ನುತ್ತಾಳೆ ಗೆಳತಿ. ಎರಡನ್ನೂ ಬೇರೆ ಯಾರಿಗಾದರೂ ಕೊಟ್ಟುಬಿಡಿ ಎನ್ನುತ್ತಾರೆ ಮನೆಯ ಹಿರಿಯರು. ಹಕ್ಕು ನನ್ನದಲ್ಲವೇ? ಎರಡನ್ನೂ ಅಗಲಿಸಿದರೆ ತಪ್ಪಾಗುತ್ತದೆಯೇ? ನನ್ನನ್ನು ಬಿಟ್ಟು ಗುಂಡ ಬದುಕುತ್ತಾನೆಯೇ?

ಉತ್ತರ: ನೀವು ಹಲವು ಪ್ರಶ್ನೆಗಳನ್ನು ಕೇಳಿದ್ದೀರಿ, ಆದರೆ ಅವೆಲ್ಲದರ ಬುಡದಲ್ಲಿ ಇರುವುದು ಎರಡು. ಗುಂಡನ ಮೇಲೆ ಹಕ್ಕು ಯಾರದು ಎಂಬುದು ಒಂದು; ಗುಂಡ ಯಾರ ಬಳಿ ನೆಮ್ಮದಿಯಿಂದ ಇರುತ್ತಾನೆ ಎಂಬುದು ಇನ್ನೊಂದು. ಎರಡಕ್ಕೂ ಒಂದೇ ಉತ್ತರ ಸಿಗಲಿ ಎಂದು ನೀವು ಬಯಸುತ್ತಿರುವುದು ಪತ್ರದ ಸಾಲುಗಳಲ್ಲಿ ಕಾಣುತ್ತದೆ, ಅದು ಸಹಜವೂ ಹೌದು. ಆದರೆ ಪಶುವೈದ್ಯ ವೃತ್ತಿಯಲ್ಲಿ ಬೇರೆಯಾಗುತ್ತಿರುವ ದಂಪತಿಗಳನ್ನು ಕಂಡಷ್ಟೂ ನನಗೆ ಖಚಿತವಾಗಿರುವುದೇನೆಂದರೆ, ಇವೆರಡನ್ನು ಒಂದೇ ಪ್ರಶ್ನೆಯೆಂದು ತಿಳಿದು ವಾದಕ್ಕಿಳಿದಾಗಲೇ ಪ್ರಾಣಿಗೆ ಹೆಚ್ಚು ತೊಂದರೆಯಾಗುತ್ತದೆ. ಆದ್ದರಿಂದ ಅವನ್ನು ಬೇರೆಬೇರೆಯಾಗಿಯೇ ನೋಡೋಣ.

ಹಕ್ಕಿನ ಮಾತನ್ನು ಮೊದಲು ಮುಗಿಸುತ್ತೇನೆ. ಕಾನೂನು ನನ್ನ ಕ್ಷೇತ್ರವಲ್ಲ, ನಿಮಗೆ ಅನ್ವಯಿಸುವ ನಿಯಮವನ್ನು ವಕೀಲರಿಂದಲೇ ತಿಳಿಯಬೇಕು. ಆದರೂ ಸ್ಥೂಲ ಚಿತ್ರ ನಿಮಗಿರಲಿ. ಬಹುಕಾಲ ನ್ಯಾಯಾಲಯಗಳು ಸಾಕುಪ್ರಾಣಿಯನ್ನು ಮನೆಯ ಉಳಿದ ಸ್ವತ್ತುಗಳ ಸಾಲಿನಲ್ಲೇ ಇಟ್ಟವು, ಅನೇಕ ಕಡೆ ಇಂದಿಗೂ ಇಟ್ಟಿವೆ. 2002ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಮೇಲ್ಮನವಿ ನ್ಯಾಯಾಲಯವೊಂದು, ಬೇರೆಯಾದ ದಂಪತಿ ನಾಯಿಯನ್ನು ಹಂಚಿಕೊಳ್ಳಲು ಬರೆದುಕೊಂಡಿದ್ದ ಒಪ್ಪಂದವನ್ನು ಜಾರಿಗೊಳಿಸಲು ನಿರಾಕರಿಸುತ್ತಾ, ಇದು ಮೇಜನ್ನೋ ದೀಪವನ್ನೋ ನೋಡಿಬರಲು ವೇಳಾಪಟ್ಟಿ ಕೇಳಿದಂತೆ ಎಂಬರ್ಥದ ಮಾತನ್ನು ಹೇಳಿತು. ಆ ನಿಲುವು ಈಗ ನಿಧಾನವಾಗಿ ಬದಲಾಗುತ್ತಿದೆ. ಸ್ವಿಟ್ಜರ್ಲೆಂಡ್ 2003ರಲ್ಲೇ, ಇಂಥ ವ್ಯಾಜ್ಯದಲ್ಲಿ ಪ್ರಾಣಿಯ ಹಿತದ ದೃಷ್ಟಿಯಿಂದ ಯಾರು ಚೆನ್ನಾಗಿ ಸಾಕಬಲ್ಲರೋ ಅವರಿಗೆ ಅದನ್ನು ಕೊಡಬಹುದೆಂದು ತನ್ನ ನಾಗರಿಕ ಸಂಹಿತೆಯಲ್ಲಿ ಸೇರಿಸಿತು. ಅಲಾಸ್ಕದಲ್ಲಿ 2017ರಿಂದ, ಕ್ಯಾಲಿಫೋರ್ನಿಯಾದಲ್ಲಿ 2019ರಿಂದ ವಿಚ್ಛೇದನದ ನ್ಯಾಯಾಧೀಶರು ಪ್ರಾಣಿಯ ಯೋಗಕ್ಷೇಮವನ್ನು ಪರಿಗಣಿಸಬಹುದು. ಸ್ಪೇನ್‌ನಲ್ಲಿ 2022ರಿಂದ ಮಾಲೀಕತ್ವ ಯಾರ ಹೆಸರಿನಲ್ಲಿದ್ದರೂ ಆರೈಕೆಯನ್ನು ಇಬ್ಬರಿಗೂ ಹಂಚಲು ಅವಕಾಶವಿದೆ. ಇದಕ್ಕೆ ತದ್ವಿರುದ್ಧವಾಗಿ ಕೆನಡಾದ ಬ್ರಿಟಿಷ್ ಕೊಲಂಬಿಯಾ 2024ರಲ್ಲಿ ಮತ್ತು ಆಸ್ಟ್ರೇಲಿಯಾ 2025ರಲ್ಲಿ ತಂದ ನಿಯಮಗಳ ಪ್ರಕಾರ, ದಿನನಿತ್ಯದ ಆರೈಕೆ ಯಾರದು ಎಂಬುದನ್ನು ನ್ಯಾಯಾಲಯ ನೋಡುತ್ತದೆಯಾದರೂ, ಹಂಚಿಕೊಂಡು ಸಾಕಿರಿ ಎಂದು ತಾನಾಗಿ ಆದೇಶಿಸುವಂತಿಲ್ಲ. ಪ್ರಾಣಿಯನ್ನು ಯಾರಾದರೂ ಒಬ್ಬರಿಗೆ ಕೊಡಬೇಕು.

ಇಲ್ಲಿ ಎರಡು ತಪ್ಪು ತಿಳಿವಳಿಕೆಗಳನ್ನು ಬಿಡಿಸಬೇಕು. ಮೈಕ್ರೋಚಿಪ್ ಎಂದರೆ ಚರ್ಮದಡಿ ಇಟ್ಟ, ಸಾಮಾನ್ಯವಾಗಿ 15 ಅಂಕಿಗಳ ಒಂದು ಸಂಖ್ಯೆ ಮಾತ್ರ. ಆ ಸಂಖ್ಯೆಯ ಎದುರು ನಿಮ್ಮ ಹೆಸರಿರುವುದು ಒಂದು ಬಲವಾದ ಸಾಕ್ಷ್ಯವೇ ಹೊರತು ಅದೇ ಕ್ರಯಪತ್ರವಲ್ಲ. ಹಾಗೆಯೇ, ಆಸ್ಪತ್ರೆಯ ಕಡತದಲ್ಲಿ ಯಾರ ಹೆಸರಿದೆಯೋ ಅವರೇ ಒಡೆಯರು ಎಂಬುದೂ ಸರಿಯಲ್ಲ. ಮೊದಲ ದಿನ ಮರಿಯನ್ನು ಎತ್ತಿಕೊಂಡು ಬಂದವರ ಹೆಸರನ್ನು ನಾವು ಬರೆದುಕೊಂಡಿರುತ್ತೇವೆ, ಅಷ್ಟೆ. ಈ ನಾಯಿ ನನ್ನನ್ನೇ ಹೆಚ್ಚು ಪ್ರೀತಿಸುತ್ತದೆ ಎಂದು ಬರೆದುಕೊಡಿ ಎಂದು ಕೇಳಿಕೊಂಡು ಬಂದವರು ನನ್ನ ಬಳಿ ಕೆಲವರಿದ್ದಾರೆ. ಯಾವ ದಿನ ಯಾರು ಕರೆತಂದರು, ಏನು ಚಿಕಿತ್ಸೆಯಾಯಿತು ಎಂಬುದನ್ನಷ್ಟೇ ನಾನು ಬರೆದುಕೊಡಬಲ್ಲೆ; ಪ್ರೀತಿಯನ್ನು ಅಳೆಯುವ ಉಪಕರಣ ನಮ್ಮಲ್ಲಿಲ್ಲ. ನಿಮ್ಮ ವಿಷಯದಲ್ಲಿ, ಮದುವೆಗೆ ಮೊದಲೇ ತಂದದ್ದು ಮತ್ತು ದಾಖಲೆಗಳು ನಿಮ್ಮ ಹೆಸರಿನಲ್ಲಿರುವುದು ಹಕ್ಕಿನ ವಾದದಲ್ಲಿ ನಿಮ್ಮ ಕಡೆಗೇ ತೂಗುತ್ತವೆ. ಆದರೆ ಆ ವಾದದಲ್ಲಿ ಗೆದ್ದ ಮಾತ್ರಕ್ಕೆ ಎರಡನೆಯ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ.

ಗೆಳತಿ ಹೇಳಿದ ಪರೀಕ್ಷೆಯನ್ನು ದಯವಿಟ್ಟು ಮಾಡಬೇಡಿ. ನಾಯಿಗೆ ಆ ಕ್ಷಣ ಅರ್ಥವಾಗುವುದು ಯಾರ ಕೈಯಲ್ಲಿ ಬಿಸ್ಕತ್ತಿದೆ, ಯಾರು ನಿನ್ನೆಯಿಂದ ಕಂಡಿಲ್ಲ, ಯಾರ ದನಿ ಹೆಚ್ಚು ಉಲ್ಲಾಸದಿಂದ ಕೂಡಿದೆ ಎಂಬುದೇ ಹೊರತು, ಮುಂದಿನ ಬದುಕನ್ನು ಯಾರೊಡನೆ ಕಳೆಯಬೇಕು ಎಂಬುದಲ್ಲ. ಅಮೆರಿಕದಲ್ಲಿ ನಾಯಿಗಳ ಮೇಲೆ ನಡೆದ ಒಂದು ಪ್ರಯೋಗದಲ್ಲಿ, ಪರಿಚಿತ ಸ್ಥಳದಲ್ಲಿದ್ದಾಗ ಅವು ತಮ್ಮ ಯಜಮಾನರಿಗಿಂತ ಅಪರಿಚಿತರ ಬಳಿಯೇ ಹೆಚ್ಚು ಹೊತ್ತು ಮೈ ಸವರಿಸಿಕೊಂಡವು. ಅಪರಿಚಿತ ಸ್ಥಳಕ್ಕೆ ಒಯ್ದಾಗ ಮಾತ್ರ ಯಜಮಾನರಿಗೆ ಅಂಟಿಕೊಂಡವು. ಮನೆಯ ಅಂಗಳದಲ್ಲಿ ನಿಂತು ಕರೆದರೆ ಗುಂಡ ಪಕ್ಕದ ಮನೆಯವರ ಬಳಿ ಹೋಗಿ ಕುಳಿತರೂ ಆಶ್ಚರ್ಯವಿಲ್ಲ. ಆದರೆ ಸೋತವರ ಮನಸ್ಸಿನಲ್ಲಿ ಆ ಗಾಯ ವರ್ಷಗಟ್ಟಲೆ ಉಳಿಯುತ್ತದೆ, ಅದನ್ನು ನಾನು ನೋಡಿದ್ದೇನೆ.

ನಿಮ್ಮನ್ನು ಬಿಟ್ಟು ಗುಂಡ ಬದುಕುತ್ತಾನೆಯೇ ಎಂಬ ಪ್ರಶ್ನೆಗೆ ನೇರವಾದ ಉತ್ತರ: ಬದುಕುತ್ತಾನೆ. ನಾಯಿಗೆ ಮನುಷ್ಯನೊಡನೆ ಇರುವ ನಂಟು ಕೇವಲ ಅನ್ನದ ಋಣವಲ್ಲ. 1998ರಲ್ಲಿ ಹಂಗೇರಿಯ ಸಂಶೋಧಕರು, ಎಳೆಯ ಮಕ್ಕಳು ತಾಯಿಗೆ ಎಷ್ಟು ಅಂಟಿಕೊಂಡಿದ್ದಾರೆ ಎಂದು ತಿಳಿಯಲು ಬಳಸುವ ಪರೀಕ್ಷೆಯನ್ನೇ ನಾಯಿಗಳಿಗೆ ಒಡ್ಡಿ, ಯಜಮಾನರು ಹೊರಹೋದಾಗ ಮತ್ತು ಮರಳಿದಾಗ ಅವುಗಳ ನಡವಳಿಕೆ ಮಕ್ಕಳ ನಡವಳಿಕೆಯನ್ನು ಬಹಳವಾಗಿ ಹೋಲುವುದನ್ನು ತೋರಿಸಿದರು. ಅದೇ ತಂಡದವರು 2001ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನವನ್ನು ಜನ ಅಷ್ಟಾಗಿ ನೆನೆಯುವುದಿಲ್ಲ. ಆಶ್ರಯ ಕೇಂದ್ರಗಳಲ್ಲಿದ್ದ ವಯಸ್ಕ ನಾಯಿಗಳೊಡನೆ ಒಬ್ಬ ಹೊಸಬರು ಹತ್ತು ಹತ್ತು ನಿಮಿಷಗಳಂತೆ ಮೂರು ಬಾರಿ ಕಳೆದರೆ ಸಾಕು, ಅವು ಆ ವ್ಯಕ್ತಿಯ ಕಡೆಗೆ ನಂಟಿನ ಲಕ್ಷಣಗಳನ್ನು ತೋರಲಾರಂಭಿಸಿದವು. ನಾಯಿ ಹಳಬರನ್ನು ಮರೆತುಬಿಡುತ್ತದೆ ಎಂದು ಇದರರ್ಥವಲ್ಲ. ಹೊಸ ನಂಟು ಕಟ್ಟಿಕೊಳ್ಳುವ ಶಕ್ತಿ ಅದಕ್ಕೆ ವಯಸ್ಸಾದ ಮೇಲೂ ಇರುತ್ತದೆ ಎಂದು ಅರ್ಥ. ಗುಂಡನ ವಿಷಯದಲ್ಲಿ ಹೊಸ ನಂಟಿನ ಪ್ರಶ್ನೆಯೇ ಇಲ್ಲ, ಇಬ್ಬರೂ ಅವನವರೇ. ಕೆಲವು ವಾರ ಬಾಗಿಲ ಬಳಿ ಕಾಯಬಹುದು, ಊಟ ಕಡಿಮೆ ಮಾಡಬಹುದು, ಉಳಿದವರ ಹಿಂದೆಯೇ ಕೋಣೆಯಿಂದ ಕೋಣೆಗೆ ಸುತ್ತಬಹುದು. ಇವು ಸಾಮಾನ್ಯವಾಗಿ ತಾವಾಗಿಯೇ ಇಳಿಯುತ್ತವೆ. ಆದರೆ ಹತ್ತು ವರ್ಷದ ನಾಯಿ ಎರಡು ದಿನ ಏನೂ ತಿನ್ನದಿದ್ದರೆ ಅದನ್ನು ದುಃಖ ಎಂದು ಬಗೆದು ಕೂರಬಾರದು. ಆ ವಯಸ್ಸಿನಲ್ಲಿ ಮೂತ್ರಪಿಂಡ, ಹಲ್ಲು, ಯಕೃತ್ತಿನ ಕಾಯಿಲೆಗಳೂ ಹೀಗೆಯೇ ಕಾಣಿಸಿಕೊಳ್ಳುತ್ತವೆ.

ಹಾಗಾದರೆ ಪ್ರಾಣಿಗೆ ನಿಜವಾಗಿ ಕಷ್ಟ ಕೊಡುವುದು ಯಾವುದು? ಒಬ್ಬ ವ್ಯಕ್ತಿ ಇಲ್ಲದಿರುವುದಕ್ಕಿಂತಲೂ ಹೆಚ್ಚಾಗಿ, ದಿನದ ಲಯ ಕುಸಿಯುವುದು. ಬೆಳಿಗ್ಗೆ ಯಾವ ಹೊತ್ತಿಗೆ ಬಾಗಿಲು ತೆರೆಯುತ್ತದೆ, ಊಟದ ತಟ್ಟೆ ಎಲ್ಲಿ ಇಡುತ್ತಾರೆ, ಒಂಟಿಯಾಗಿ ಎಷ್ಟು ಹೊತ್ತು ಇರಬೇಕು, ರಾತ್ರಿ ಎಲ್ಲಿ ಮಲಗಬಹುದು ಎಂಬುದು ಗೊತ್ತಿದ್ದರೆ ನಾಯಿ ನಿಶ್ಚಿಂತೆಯಿಂದ ಇರುತ್ತದೆ. ಜೊತೆಗೆ, ನಮ್ಮ ಮನಃಸ್ಥಿತಿ ಅದಕ್ಕೂ ತಟ್ಟುತ್ತದೆ. ಸ್ವೀಡನ್ನಿನಲ್ಲಿ 2019ರಲ್ಲಿ ಪ್ರಕಟವಾದ ಅಧ್ಯಯನವೊಂದು ನಾಯಿಗಳ ಮತ್ತು ಅವುಗಳ ಯಜಮಾನಿಯರ ಕೂದಲಿನಲ್ಲಿ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನನ್ನು ಅಳೆದು, ತಿಂಗಳುಗಟ್ಟಲೆಯ ಒತ್ತಡದ ಮಟ್ಟ ಇಬ್ಬರಲ್ಲೂ ಒಟ್ಟಿಗೇ ಏರಿಳಿಯುವುದನ್ನು ಕಂಡಿತು. ಅಂದರೆ ನೀವಿಬ್ಬರೂ ದನಿ ಎತ್ತರಿಸದೆ ಮಾತನಾಡುತ್ತಿದ್ದರೂ, ಕಳೆದ ಕೆಲವು ತಿಂಗಳುಗಳ ಭಾರ ಗುಂಡನ ಮೇಲೆ ಈಗಾಗಲೇ ಬಿದ್ದಿರಬಹುದು. ಬೇರೆಯಾಗುವುದು ಅವನಿಗೆ ಹೊಸ ಆಘಾತವಾಗಿಯೇ ಬರಬೇಕೆಂದಿಲ್ಲ. ಬಿಗುವು ಕಳೆದ ಮನೆಯಲ್ಲಿ ನಾಯಿ ಮೊದಲಿಗಿಂತ ಚೆನ್ನಾಗಿ ನಿದ್ರಿಸಿದ್ದನ್ನೂ ನಾನು ಕಂಡಿದ್ದೇನೆ.

ನನ್ನ ಬಳಿ ಬರುವ ದಂಪತಿಗಳಿಗೆ ನಾನು ಒಂದು ಕೆಲಸ ಹೇಳುತ್ತೇನೆ. ಇಬ್ಬರೂ ಬೇರೆಬೇರೆ ಕುಳಿತು, ಪ್ರಾಣಿಯ ಒಂದು ಸಾಮಾನ್ಯ ದಿನವನ್ನು ಬೆಳಗಿನಿಂದ ರಾತ್ರಿಯವರೆಗೆ ಕಾಗದದ ಮೇಲೆ ಬರೆಯಬೇಕು. ಎಷ್ಟು ಗಂಟೆಗೆ ಏನು ತಿನ್ನುತ್ತದೆ, ಎಷ್ಟು ತೂಕದ ಊಟ, ಯಾವ ಮಾತ್ರೆ ಎಷ್ಟು ಮಿಲಿಗ್ರಾಂ, ಯಾವ ಕಾಲನ್ನು ಊರಲು ಹಿಂಜರಿಯುತ್ತದೆ, ಹಿಂದಿನ ಬಾರಿ ಹುಳುವಿನ ಮದ್ದು ಕೊಟ್ಟದ್ದು ಯಾವಾಗ, ಸ್ನಾನ ಮಾಡಿಸುವಾಗ ಎಲ್ಲಿ ಮುಟ್ಟಿದರೆ ಗುರ್ ಎನ್ನುತ್ತದೆ. ಬರೆದು ಮುಗಿಸಿದ ಮೇಲೆ ಹಾಳೆಗಳನ್ನು ಅಕ್ಕಪಕ್ಕ ಇಟ್ಟರೆ ನಾನು ಏನನ್ನೂ ಹೇಳಬೇಕಾಗುವುದಿಲ್ಲ. ಅದರ ಕೆಳಗೆ ಇನ್ನೊಂದು ದಿನವನ್ನೂ ಬರೆಯಬೇಕು: ಆರು ತಿಂಗಳ ನಂತರದ ದಿನ, ಹೊಸ ಮನೆಯಲ್ಲಿ, ಒಬ್ಬರೇ ಇರುವಾಗ. ಈ ಎರಡನೆಯ ಹಾಳೆ ಮೊದಲನೆಯದಕ್ಕಿಂತ ಮುಖ್ಯ, ಏಕೆಂದರೆ ಇಲ್ಲಿಯವರೆಗೆ ಕಡಿಮೆ ಆರೈಕೆ ಮಾಡಿದವರು ಮುಂದೆ ಹೆಚ್ಚು ಮಾಡಬಲ್ಲರು, ಇಲ್ಲಿಯವರೆಗೆ ಎಲ್ಲವನ್ನೂ ಮಾಡಿದವರಿಗೆ ಮುಂದೆ ಬಿಡುವೇ ಇಲ್ಲದಿರಬಹುದು.

ನಿಮ್ಮ ಪತ್ರದಲ್ಲಿ ಈ ಎರಡೂ ಹಾಳೆಗಳು ಬಹುಮಟ್ಟಿಗೆ ಇವೆ, ಆದ್ದರಿಂದ ನಿಮಗೆ ಅಪ್ರಿಯವಾದರೂ ಹೇಳಿಬಿಡುತ್ತೇನೆ. ಕೀಲು ಸವೆದ ಹತ್ತು ವರ್ಷದ ನಾಯಿಗೆ ಲಿಫ್ಟ್ ಇಲ್ಲದ ಮೂರನೇ ಮಹಡಿ ಸಣ್ಣ ಅಡಚಣೆಯಲ್ಲ. ದಿನಕ್ಕೆ ಮೂರು ಬಾರಿ ಮೆಟ್ಟಿಲು ಹತ್ತಿ ಇಳಿಯುವುದು, ಅದರಲ್ಲೂ ಇಳಿಯುವುದು, ಮುಂಗಾಲಿನ ಕೀಲುಗಳ ಮೇಲೆ ಬಹಳ ಭಾರ ಹಾಕುತ್ತದೆ. ನೋವು ಹೆಚ್ಚಿದಂತೆ ನಾಯಿ ಹೊರಹೋಗುವುದನ್ನೇ ತಪ್ಪಿಸುತ್ತದೆ, ನಡಿಗೆ ಕಡಿಮೆಯಾದಂತೆ ತೂಕ ಏರುತ್ತದೆ, ತೂಕ ಏರಿದಂತೆ ನೋವು ಇನ್ನಷ್ಟಾಗುತ್ತದೆ. ನೀವು ಹೊರಗಿರುವ ಎಂಟು ಹತ್ತು ದಿನಗಳಲ್ಲಿ ಅವನನ್ನು ಬೇರೆಯವರ ಬಳಿ ಬಿಡಬೇಕು. ಹಕ್ಕು ನಿಮ್ಮ ಕಡೆಗಿದೆ, ದಿನಚರಿ ನಿಮ್ಮ ಪತಿಯ ಕಡೆಗಿದೆ. ನೀವು ನೆಲಮಹಡಿಯ ಮನೆ ಹಿಡಿದು, ಪ್ರವಾಸದ ಕೆಲಸ ಬಿಟ್ಟರೆ ನನ್ನ ಉತ್ತರ ಬದಲಾಗುತ್ತದೆ. ಹತ್ತು ವರ್ಷ ಹಿಂದೆ ಅವನನ್ನು ತಂದವರು ನೀವೇ ಎಂಬ ಕಾರಣದಿಂದ ಬದಲಾಗುವುದಿಲ್ಲ.

ವಾರಕ್ಕೊಬ್ಬರಂತೆ ಇಟ್ಟುಕೊಳ್ಳುವುದು ಕೇಳಲು ನ್ಯಾಯವಾಗಿದೆ, ಕೆಲವು ನಾಯಿಗಳಿಗೆ ಸಾಧ್ಯವೂ ಹೌದು. ಎರಡು ಮನೆಗಳೂ ಹತ್ತಿರವಿರಬೇಕು, ನಾಯಿ ಗಟ್ಟಿಮುಟ್ಟಾಗಿರಬೇಕು, ಒಂಟಿಯಾಗಿರಲು ಹೆದರಬಾರದು, ಎರಡೂ ಕಡೆ ಊಟ, ಹಾಸಿಗೆ, ನಿಯಮಗಳು ಒಂದೇ ಇರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಬಾಗಿಲಲ್ಲಿ ನಿಂತು ನಾಯಿಯನ್ನು ಒಪ್ಪಿಸುವ ಇಬ್ಬರೂ ಎರಡು ನಿಮಿಷ ಸಮಾಧಾನದಿಂದ ಮಾತನಾಡಬಲ್ಲವರಾಗಿರಬೇಕು. ಹೀಗೆ ಸರದಿಯಲ್ಲಿದ್ದ ಒಂದು ನಾಯಿ ಪ್ರತಿ ಸೋಮವಾರ ಭೇದಿಯಾಗಿ ನನ್ನ ಬಳಿ ಬರುತ್ತಿತ್ತು. ರಕ್ತ, ಮಲ ಎಲ್ಲ ಪರೀಕ್ಷಿಸಿದರೂ ಏನೂ ಸಿಗಲಿಲ್ಲ. ಕೊನೆಗೆ ತಿಳಿದದ್ದೇನೆಂದರೆ, ಭಾನುವಾರ ಮನೆ ಬದಲಾಗುತ್ತಿತ್ತು, ಎರಡು ಮನೆಗಳಲ್ಲಿ ಎರಡು ಬಗೆಯ ಊಟ, ಮೇಲಾಗಿ ವಾರದ ಬಳಿಕ ಬಂದ ನಾಯಿಗೆ ಸ್ವಾಗತದ ಔತಣ. ನಾಯಿಯ ಊಟ ಬದಲಿಸುವುದಾದರೆ ಹಳೆಯದಕ್ಕೆ ಹೊಸದನ್ನು ಸ್ವಲ್ಪಸ್ವಲ್ಪ ಬೆರೆಸುತ್ತಾ ಏಳರಿಂದ ಹತ್ತು ದಿನ ತೆಗೆದುಕೊಳ್ಳಬೇಕು. ವಾರಕ್ಕೊಮ್ಮೆ ಮನೆ ಬದಲಾದರೆ ಆ ಅವಧಿ ಮುಗಿಯುವ ಮೊದಲೇ ಮತ್ತೊಂದು ಬದಲಾವಣೆ ಶುರುವಾಗಿರುತ್ತದೆ.

ಮಾತ್ರೆಯ ವಿಷಯ ಇದಕ್ಕಿಂತ ಗಂಭೀರ. ಕೀಲು ನೋವಿಗೆ ನಾವು ಕೊಡುವ ಉರಿಯೂತ ನಿವಾರಕಗಳನ್ನು ದೇಹತೂಕಕ್ಕೆ ಸರಿಯಾಗಿ ಲೆಕ್ಕ ಹಾಕಿರುತ್ತೇವೆ. ಮನೆ ಬದಲಾಗುವ ದಿನ ಬೆಳಿಗ್ಗೆ ಒಬ್ಬರು, ಕೊಟ್ಟಿಲ್ಲವೇನೋ ಎಂದು ಮಧ್ಯಾಹ್ನ ಇನ್ನೊಬ್ಬರು ಕೊಟ್ಟರೆ, ಅದು ಮತ್ತೆಮತ್ತೆ ಆದರೆ, ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತಸ್ರಾವವಾಗಬಹುದು, ಮೂತ್ರಪಿಂಡಕ್ಕೆ ಪೆಟ್ಟಾಗಬಹುದು. ವಾಂತಿ, ಡಾಂಬರಿನಂತೆ ಕಪ್ಪಾದ ಮಲ, ಹಠಾತ್ತಾಗಿ ಊಟ ಬಿಡುವುದು ಇದರ ಸೂಚನೆಗಳು. ಆದ್ದರಿಂದ ಗುಂಡ ಒಂದೇ ರಾತ್ರಿಗಾದರೂ ನಿಮ್ಮ ಮನೆಗೆ ಬರುವುದಾದರೆ ಮಾತ್ರೆಯ ಡಬ್ಬಿ ಒಂದೇ ಇರಲಿ, ಅದು ಅವನ ಜೊತೆಗೇ ಓಡಾಡಲಿ, ಕೊಟ್ಟ ಹೊತ್ತನ್ನು ಬರೆಯುವ ಚೀಟಿ ಅದಕ್ಕೇ ಕಟ್ಟಿರಲಿ. ಎರಡು ಮನೆಯಲ್ಲಿ ಎರಡು ಡಬ್ಬಿ ಇಡುವುದು ಅನುಕೂಲವೆನಿಸಿದರೂ ಅಪಾಯ ಅಲ್ಲಿಯೇ ಇದೆ.

ಗುಂಡ ಪತಿಯ ಮನೆಯಲ್ಲಿದ್ದು, ನೀವು ನಿಯಮಿತವಾಗಿ ಅಲ್ಲಿಗೇ ಹೋಗಿ ಅವನನ್ನು ವಾಕಿಂಗ್ ಕರೆದೊಯ್ಯುವುದು ನನಗೆ ಹೆಚ್ಚು ಸರಿಕಾಣುವ ದಾರಿ. ಭೇಟಿಯಿಂದ ನಾಯಿಗೆ ಪ್ರತಿ ಬಾರಿ ಅಗಲಿಕೆಯ ನೋವಾಗುತ್ತದೆ ಎಂದು ಕೆಲವರು ಹೆದರುತ್ತಾರೆ. ನೀವು ಬರುವ ದಿನ, ಹೊತ್ತು ಒಂದೇ ಆಗಿದ್ದರೆ ಅದು ಅವನ ವಾರದ ಒಂದು ಭಾಗವಾಗಿಬಿಡುತ್ತದೆ. ಮೂರು ವಾರ ಕಾಣಿಸದೆ, ನಾಲ್ಕನೆಯ ವಾರ ಅಪರಾತ್ರಿಯಲ್ಲಿ ಅಳುತ್ತಾ ಬಂದು ತಬ್ಬಿಕೊಂಡರೆ ಮಾತ್ರ ಅವನು ಗಲಿಬಿಲಿಗೊಳ್ಳುತ್ತಾನೆ. ಈ ದಾರಿಯ ತೊಂದರೆ ಇರುವುದು ಮನುಷ್ಯರ ಕಡೆಯಲ್ಲಿ. ಹಳೆಯ ಮನೆಯ ಬಾಗಿಲನ್ನು ವಾರವಾರವೂ ತಟ್ಟುವುದು ನಿಮಗೆ ಭಾರವಾಗಬಹುದು, ಮುಂದೆ ಇಬ್ಬರಲ್ಲಿ ಒಬ್ಬರಿಗೆ ಹೊಸ ಸಂಗಾತಿ ಬಂದಾಗ ಇದು ಇರಿಸುಮುರಿಸಿಗೆ ಕಾರಣವಾಗಬಹುದು. ನಾಯಿಯ ನೆಪದಲ್ಲಿ ಸಂಬಂಧದ ಒಂದು ಎಳೆಯನ್ನು ಹಿಡಿದುಕೊಂಡಿದ್ದೇನೆಯೇ ಎಂದು ನಿಮ್ಮನ್ನು ನೀವೇ ಒಮ್ಮೆ ಕೇಳಿಕೊಳ್ಳಿ. ಉತ್ತರ ಹೌದು ಎಂದಾದರೂ ತಪ್ಪೇನಿಲ್ಲ, ಆದರೆ ಅದು ನಿಮಗೆ ತಿಳಿದಿರಬೇಕು.

ಪತಿಯ ಕಡೆಯೂ ಒಂದು ಸಂಗತಿಯನ್ನು ಪರೀಕ್ಷಿಸಬೇಕು. ನಾಲ್ಕು ವರ್ಷಗಳಿಂದ ಮನೆಯಲ್ಲಿ ಸದಾ ಒಬ್ಬರಿದ್ದ ನಾಯಿಗೆ ಒಂಟಿತನದ ಅಭ್ಯಾಸವೇ ತಪ್ಪಿರುತ್ತದೆ. ಒಂದು ಸಂಜೆ ಇಬ್ಬರೂ ಹೊರಗೆ ಹೋಗಿ, ಮೊಬೈಲಿನಲ್ಲಿ ವಿಡಿಯೊ ಚಾಲೂ ಮಾಡಿಟ್ಟು, ಒಂದು ಗಂಟೆಯ ನಂತರ ಬಂದು ನೋಡಿ. ಒಂಟಿಯಾದಾಗ ಹೆದರುವ ನಾಯಿ ಬಹುತೇಕ ಮೊದಲ ಅರ್ಧ ಗಂಟೆಯಲ್ಲೇ ತೋರಿಸಿಕೊಡುತ್ತದೆ: ಏದುಸಿರು, ಅತ್ತಿತ್ತ ತಿರುಗಾಟ, ಬಾಗಿಲು ಕೆರೆಯುವುದು, ಊಳಿಡುವುದು. ಹಾಗಿದ್ದರೆ ಮನೆ ಖಾಲಿಯಾಗುವ ಮೊದಲೇ ನಿಮಿಷ ನಿಮಿಷವಾಗಿ ಒಂಟಿತನವನ್ನು ಅಭ್ಯಾಸ ಮಾಡಿಸಬೇಕು, ಬೇಕಾದರೆ ಔಷಧದ ನೆರವನ್ನೂ ಪಡೆಯಬೇಕು.

ಬೆಕ್ಕಿನ ವಿಷಯಕ್ಕೆ ನೀವು ಕೊಟ್ಟಿರುವುದು ಎರಡು ಮೂರು ವಾಕ್ಯ ಮಾತ್ರ. ನನ್ನ ಬಳಿ ಬರುವ ದಂಪತಿಗಳೂ ನಾಯಿಯ ಬಗ್ಗೆ ಒಂದು ಗಂಟೆ ಮಾತನಾಡಿ, ಹೊರಡುವಾಗ ಬಾಗಿಲ ಬಳಿ ನಿಂತು ಬೆಕ್ಕಿನ ಬಗ್ಗೆ ಕೇಳುತ್ತಾರೆ. ಬೆಕ್ಕು ಮನೆಗೆ ಅಂಟಿಕೊಳ್ಳುತ್ತದೆ, ಮನುಷ್ಯರಿಗಲ್ಲ ಎಂಬ ಮಾತು ಅರ್ಧ ಸತ್ಯ. 2019ರಲ್ಲಿ ಅಮೆರಿಕದ ಆರೆಗಾನ್‌ನಲ್ಲಿ ನಡೆದ ಅಧ್ಯಯನದಲ್ಲಿ ಸುಮಾರು ಮೂರನೇ ಎರಡರಷ್ಟು ಬೆಕ್ಕಿನ ಮರಿಗಳು ತಮ್ಮನ್ನು ಸಾಕಿದವರ ಕಡೆಗೆ ಭದ್ರವಾದ ನಂಟನ್ನು ತೋರಿದವು. ಆದರೆ ಬೆಕ್ಕಿನ ನೆಮ್ಮದಿಗೆ ಜಾಗವೂ ಬೇಕು ಎಂಬುದು ನಿಜ. ಅದು ಕೆನ್ನೆ, ಬದಿಗಳನ್ನು ಗೋಡೆ, ಮೇಜಿನ ಅಂಚಿಗೆ ಉಜ್ಜಿ ತನ್ನ ವಾಸನೆಯಿಂದ ಜಾಗವನ್ನು ಗುರುತಿಸಿಕೊಂಡಿರುತ್ತದೆ. ಹೊಸ ಮನೆಯಲ್ಲಿ ಆ ಗುರುತುಗಳಾವುವೂ ಇರುವುದಿಲ್ಲ. ಆದ್ದರಿಂದ ಬೆಕ್ಕನ್ನು ಒಮ್ಮೆ ಸ್ಥಳಾಂತರಿಸಬಹುದು, ವಾರವಾರವೂ ಸ್ಥಳಾಂತರಿಸಬಾರದು. ಸರದಿಯ ಏರ್ಪಾಡನ್ನು ಬೆಕ್ಕಿಗೆ ನಾನು ಒಪ್ಪುವುದೇ ಇಲ್ಲ. ಆರೈಕೆ ನಿಮ್ಮದಾಗಿರುವುದರಿಂದ ಅದು ನಿಮ್ಮೊಡನೆ ಬರಲಿ, ಮೂರನೇ ಮಹಡಿಯಿಂದ ಅದಕ್ಕೆ ತೊಂದರೆಯಿಲ್ಲ, ಕಿಟಕಿಗಳಿಗೆ ಜಾಲರಿ ಇದ್ದರೆ ಸಾಕು. ನೀವು ಪ್ರವಾಸ ಹೋದಾಗ ಬೆಕ್ಕನ್ನು ಪತಿಯ ಮನೆಗೆ ಸಾಗಿಸುವ ಬದಲು, ಅದರ ಮನೆಗೇ ದಿನಕ್ಕೆರಡು ಬಾರಿ ಬಂದು ನೋಡಿಕೊಳ್ಳುವವರನ್ನು ಗೊತ್ತುಮಾಡಿ.

ಸ್ಥಳಾಂತರಿಸಿದ ಮೊದಲ ದಿನಗಳಲ್ಲಿ ಒಂದೇ ಕೋಣೆ ಕೊಡಿ, ಅಲ್ಲಿಯೇ ಮಲಮೂತ್ರಕ್ಕೆಂದು ಇಡುವ ಲಿಟರ್ ತಟ್ಟೆ, ನೀರು, ಒಗೆಯದ ಹಳೆಯ ಹೊದಿಕೆ ಇರಲಿ, ಅಡಗಿಕೊಳ್ಳಲು ಒಂದು ರಟ್ಟಿನ ಪೆಟ್ಟಿಗೆಯೂ ಇರಲಿ. ಪೆಟ್ಟಿಗೆಯನ್ನು ಹಗುರವಾಗಿ ಕಾಣಬೇಡಿ. ನೆದರ್ಲೆಂಡ್ಸ್‌ನಲ್ಲಿ 2014ರಲ್ಲಿ ನಡೆದ ಅಧ್ಯಯನವೊಂದರಲ್ಲಿ, ಹೊಸದಾಗಿ ಆಶ್ರಯ ಕೇಂದ್ರಕ್ಕೆ ಬಂದ ಬೆಕ್ಕುಗಳ ಪೈಕಿ ಅಡಗಲು ಪೆಟ್ಟಿಗೆ ಸಿಕ್ಕವು ಸಿಗದವುಗಳಿಗಿಂತ ಬೇಗ ಹೊಂದಿಕೊಂಡವು. ಹೊರಗೆ ಓಡಾಡುವ ಬೆಕ್ಕಾದರೆ ಎರಡು ಮೂರು ವಾರವಾದರೂ ಬಾಗಿಲು ದಾಟಿಸಬೇಡಿ, ಹಳೆಯ ಮನೆ ಹುಡುಕಿಕೊಂಡು ಹೊರಟುಬಿಡುತ್ತದೆ. ಎರಡು ಸೂಚನೆಗಳನ್ನು ಮಾತ್ರ ಬಾಯಿಪಾಠ ಮಾಡಿಕೊಳ್ಳಿ. ಬೆಕ್ಕು ಎರಡು ದಿನ ಊಟ ಬಿಟ್ಟರೆ, ಅದರಲ್ಲೂ ದಪ್ಪಗಿರುವ ಬೆಕ್ಕು, ಯಕೃತ್ತಿನಲ್ಲಿ ಕೊಬ್ಬು ತುಂಬಿ ಪ್ರಾಣಕ್ಕೇ ಸಂಚಕಾರ ಬರಬಹುದು. ಗಂಡು ಬೆಕ್ಕು ಮತ್ತೆಮತ್ತೆ ತಟ್ಟೆಗೆ ಹೋಗಿ ತಿಣುಕಿ, ಹನಿ ಮೂತ್ರವೂ ಬಾರದಿದ್ದರೆ ಬೆಳಗಾಗುವುದನ್ನು ಕಾಯಬಾರದು. ಒತ್ತಡದಿಂದ ಮೂತ್ರಕೋಶ ಉರಿಯೂತಗೊಂಡು ನಾಳ ಕಟ್ಟಿಕೊಳ್ಳುವುದುಂಟು, ಒಂದೆರಡು ದಿನದಲ್ಲಿ ಅದು ಕೊಲ್ಲಬಹುದು.

ಎರಡನ್ನೂ ಅಗಲಿಸಬಹುದೇ ಎಂಬ ನಿಮ್ಮ ಅಳುಕಿಗೆ ಉತ್ತರಿಸಲು ಅವು ಎಚ್ಚರವಾಗಿರುವಾಗ ಹೇಗಿರುತ್ತವೆ ಎಂಬುದು ತಿಳಿಯಬೇಕು. ಬೆಚ್ಚಗಿನ ಹಾಸಿಗೆಯಲ್ಲಿ ಒಟ್ಟಿಗೆ ಮಲಗುವುದು ಕೆಲವೊಮ್ಮೆ ಸ್ನೇಹ, ಕೆಲವೊಮ್ಮೆ ಬರೀ ಹಾಸಿಗೆಯ ಮೇಲಿನ ಆಸೆ. ಒಂದನ್ನೊಂದು ನೆಕ್ಕುತ್ತವೆಯೇ, ಒಂದು ಕಾಣದಾಗ ಇನ್ನೊಂದು ಹುಡುಕುತ್ತದೆಯೇ, ಆಸ್ಪತ್ರೆಗೆ ಒಂದನ್ನು ಕರೆದೊಯ್ದ ದಿನ ಉಳಿದದ್ದು ಊಟ ಮಾಡುತ್ತದೆಯೇ ಎಂದು ಗಮನಿಸಿ. ಇವೆಲ್ಲಕ್ಕೂ ಉತ್ತರ ಹೌದು ಎಂದಾದರೂ, ನಾಯಿ ಮತ್ತು ಬೆಕ್ಕಿನ ಜೋಡಿಯನ್ನು ಅಗಲಿಸುವುದು ಸಹಿಸಲಾಗದ ಪೆಟ್ಟಲ್ಲ; ಎರಡಕ್ಕೂ ತಮ್ಮವರೆಂಬ ಮನುಷ್ಯರು ಜೊತೆಯಲ್ಲೇ ಇರುತ್ತಾರೆ. ಮೊಲಗಳ ಜೋಡಿಯಾಗಿದ್ದರೆ ನಾನು ಬೇಡವೆಂದೇ ಹೇಳುತ್ತಿದ್ದೆ. ಜೊತೆ ಕಳೆದುಕೊಂಡ ಮೊಲ ಊಟ ಬಿಟ್ಟರೆ ಅರ್ಧ ದಿನದಲ್ಲೇ ಅದರ ಕರುಳಿನ ಚಲನೆ ನಿಲ್ಲುವ ಅಪಾಯವಿದೆ.

ಬೇರೆ ಯಾರಿಗಾದರೂ ಕೊಟ್ಟುಬಿಡಿ ಎಂದ ಹಿರಿಯರ ಮಾತಿನಲ್ಲಿ ಕೆಟ್ಟ ಉದ್ದೇಶ ಇಲ್ಲ, ಜಗಳ ನಿಲ್ಲಲಿ ಎಂಬ ಬಯಕೆ ಇದೆ. ಇಬ್ಬರಿಗೂ ಸಾಕಲು ನಿಜಕ್ಕೂ ಆಗದಿದ್ದರೆ ಪರಿಚಿತ ಮನೆಯೊಂದಕ್ಕೆ ಒಪ್ಪಿಸುವುದು ಗೌರವದ ದಾರಿಯೇ. ಆದರೆ ನಿಮ್ಮಲ್ಲಿ ಸಾಕಲು ಬಯಸುವವರು ಇಬ್ಬರಿದ್ದಾರೆ, ಇಬ್ಬರೂ ಬಲ್ಲವರು. ನನಗಿಲ್ಲದಿದ್ದರೆ ನಿಮಗೂ ಬೇಡ ಎಂಬ ಹಟಕ್ಕೆ ಹತ್ತು ವರ್ಷದ, ದಿನವೂ ಔಷಧ ಬೇಕಾದ ನಾಯಿಯನ್ನು ಅಪರಿಚಿತರ ಕೈಗೆ ಕೊಡುವುದು ನನಗೆ ಒಪ್ಪಿಗೆಯಿಲ್ಲ. ವಯಸ್ಸಾದ ನಾಯಿಯನ್ನು ಒಯ್ಯಲು ಮುಂದೆ ಬರುವವರೂ ಕಡಿಮೆ.

ನಿಮ್ಮ ಮನೆಗೆ ಅನ್ವಯಿಸದಿದ್ದರೂ ಇದನ್ನು ಓದುವ ಕೆಲವರಿಗೆ ಬೇಕಾಗುವ ಮಾತೊಂದನ್ನು ಹೇಳುತ್ತೇನೆ. ಸಂಗಾತಿ ಹೊಡೆಯುವವರಾಗಿದ್ದರೆ, ಅಥವಾ ನೀನು ಹೋದರೆ ನಾಯಿಯನ್ನು ಏನು ಮಾಡುತ್ತೇನೆ ನೋಡು ಎಂದು ಬೆದರಿಸುತ್ತಿದ್ದರೆ, ಮೇಲೆ ಹೇಳಿದ ದಿನಚರಿ, ಸರದಿ, ಸಮಾಲೋಚನೆ ಯಾವುದೂ ಅಲ್ಲಿ ಸಲ್ಲುವುದಿಲ್ಲ. ಪ್ರಾಣಿಯ ಚಿಂತೆಯಿಂದಲೇ ಅಂಥ ಮನೆಯಲ್ಲಿ ಉಳಿದುಕೊಂಡವರನ್ನು ನಾನು ಬಲ್ಲೆ. ಅಮೆರಿಕದ ಮೇನ್ ರಾಜ್ಯ 2006ರಲ್ಲೇ ರಕ್ಷಣಾ ಆದೇಶದಲ್ಲಿ ಸಾಕುಪ್ರಾಣಿಯನ್ನೂ ಸೇರಿಸಲು ಅವಕಾಶ ಕೊಟ್ಟದ್ದು ಇದೇ ಕಾರಣಕ್ಕೆ. ಅಂಥವರು ಮೊದಲು ತಾವು ಸುರಕ್ಷಿತರಾಗಬೇಕು, ಸಾಧ್ಯವಾದರೆ ಪ್ರಾಣಿಯೊಡನೆಯೇ ಹೊರಡಬೇಕು, ಅದರ ದಾಖಲೆಗಳ ನಕಲನ್ನು ಮೊದಲೇ ನಂಬಿಕಸ್ಥರ ಬಳಿ ಇಟ್ಟಿರಬೇಕು.

ನಿಮ್ಮಿಬ್ಬರ ನಡುವೆ ಮಾತುಕತೆ ಉಳಿದಿರುವುದರಿಂದ ಒಪ್ಪಂದವನ್ನು ಬರೆದಿಡಿ. ಕೆಲವು ಕಡೆ ನ್ಯಾಯಾಲಯ ಅದನ್ನು ಜಾರಿಗೊಳಿಸದಿರಬಹುದು, ಆದರೂ ಮರೆವಿಗೆ ಮತ್ತು ಮುನಿಸಿಗೆ ಅದು ಮದ್ದಾಗುತ್ತದೆ. ಗುಂಡ ಎಲ್ಲಿರುತ್ತಾನೆ, ನೀವು ಯಾವ ದಿನ ಬರುತ್ತೀರಿ, ಪತಿ ಮನೆ ಬದಲಿಸಿದರೆ ಏನು, ಅವರಿಗೆ ಸಾಕಲು ಆಗದ ಕಾಲ ಬಂದರೆ ಮೂರನೆಯವರಿಗೆ ಕೊಡುವ ಮೊದಲು ನಿಮ್ಮನ್ನು ಕೇಳಬೇಕು ಎಂಬುದು ಅದರಲ್ಲಿರಲಿ. ನಿತ್ಯದ ಖರ್ಚು ಯಾರದು, ಶಸ್ತ್ರಚಿಕಿತ್ಸೆಯಂಥ ದೊಡ್ಡ ಖರ್ಚಿನಲ್ಲಿ ಯಾರ ಪಾಲೆಷ್ಟು ಎಂಬುದೂ ಇರಲಿ. ಯಾರೂ ಬರೆಯಲು ಇಷ್ಟಪಡದ ಒಂದು ಸಾಲನ್ನು ನಾನು ಒತ್ತಾಯಿಸಿ ಬರೆಸುತ್ತೇನೆ: ಗುಂಡನ ಕೊನೆಗಾಲದಲ್ಲಿ, ನೋವು ಔಷಧಕ್ಕೂ ಬಗ್ಗದಾದಾಗ, ದಯಾಮರಣದ ಕಾಗದಕ್ಕೆ ಸಹಿ ಹಾಕುವವರು ಯಾರು, ಮತ್ತು ಇನ್ನೊಬ್ಬರಿಗೆ ಅದಕ್ಕೆ ಮೊದಲು ತಿಳಿಸುವವರು ಯಾರು. ಸಹಿಯಾದ ಮೇಲೆ ಸುದ್ದಿ ತಿಳಿದ ಇನ್ನೊಬ್ಬರು ಮರುದಿನ ನನ್ನ ಕೋಣೆಯಲ್ಲಿ ಕುಳಿತು, ಒಂದು ಫೋನ್ ಮಾಡಬಹುದಿತ್ತಲ್ಲ ಎಂದು ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ. ಹತ್ತು ವರ್ಷದ ನಾಯಿಯ ಬಗ್ಗೆ ಇದು ದೂರದ ಮಾತಲ್ಲ. ಮೈಕ್ರೋಚಿಪ್ ದಾಖಲೆ ನಿಮ್ಮ ಹೆಸರಿನಲ್ಲೇ ಇರಲಿ ಎಂದು ನಿಮಗನಿಸಿದರೆ ಇರಲಿ, ಆದರೆ ಗುಂಡ ಕಳೆದುಹೋದ ರಾತ್ರಿ ಕರೆ ಹೋಗಬೇಕಾದದ್ದು ಅವನೊಡನೆ ಇರುವವರಿಗೆ. ಪತಿಯ ಫೋನ್ ಸಂಖ್ಯೆಯನ್ನು ಅದರಲ್ಲಿ ಸೇರಿಸಿ.

ನೀವು ಮನೆ ಬಿಡುವ ದಿನ ಗುಂಡನನ್ನು ಸಾಮಾನು ಸಾಗಿಸುವ ಗಲಾಟೆಯ ನಡುವೆ ಇರಿಸಬೇಡಿ. ಪತಿ ಅವನನ್ನು ಎಂದಿನ ಹೊತ್ತಿಗೆ ವಾಕಿಂಗ್ ಕರೆದೊಯ್ಯಲಿ, ಆ ಅವಧಿಯಲ್ಲಿ ನಿಮ್ಮ ಪೆಟ್ಟಿಗೆಗಳೂ ಬೆಕ್ಕಿನ ಬುಟ್ಟಿಯೂ ಹೊರಡಲಿ. ಬೆಕ್ಕು ಮಲಗುತ್ತಿದ್ದ ಹಾಸಿಗೆಯನ್ನು ಅವನಿಗೆ ಬಿಡಿ, ಅದರ ಮೇಲೆ ಹೊದಿಸುತ್ತಿದ್ದ ಬಟ್ಟೆಯನ್ನು ನೀವು ಒಯ್ಯಿರಿ. ಎರಡನ್ನೂ ಒಂದು ತಿಂಗಳು ಒಗೆಯಬೇಡಿ. ನಿಮ್ಮ ಮೊದಲ ಭೇಟಿ ಮೂರು ನಾಲ್ಕು ದಿನಗಳೊಳಗೆ ಇರಲಿ, ನೀವು ಎಂದೂ ಬರುತ್ತಿದ್ದ ಸಂಜೆಯ ಹೊತ್ತಿನಲ್ಲೇ ಇರಲಿ, ಮತ್ತು ಬಂದವರೇ ಕೊರಳಪಟ್ಟಿಗೆ ಹಗ್ಗ ಸಿಕ್ಕಿಸಿ ಅವನನ್ನು ಹೊರಗೆ ನಡೆಸಿಕೊಂಡು ಹೋಗಿ. ಬಾಗಿಲಲ್ಲಿ ಕುಳಿತು ತಬ್ಬಿಕೊಳ್ಳುವುದನ್ನು ವಾಕಿಂಗ್ ಮುಗಿದ ಮೇಲೆ ಇಟ್ಟುಕೊಳ್ಳಿ.